ಬಂಡೆಯಂಚಿನ ಹಗ್ಗ

ನಮ್ಮೂರು ಏಪೆಕ್ಸ್‌ನ ಆರ್ಕಿಟೆಕ್ಟ್ ಅಂಕಲ್ ಯಾರ ಮನೆಗೆ ಊಟಕ್ಕೆ ಬಂದರೂ ಮೊದಲು ಕಿಟಕಿಯ ಪರದೆ ಸರಿಸುತ್ತಿದ್ದರು. "ವ್ಯೂ ಕೆಡಬಾರದು" ಅನ್ನುವುದು ಅವರ ಮಾತು. ಮೆಕ್ಸಿಕೋದ ಕಡಲತೀರದಲ್ಲಿ ತಾವೇ ವಿನ್ಯಾಸ ಮಾಡಿದ ಐಷಾರಾಮಿ ರೆಸಾರ್ಟ್‌ಗೆ ಕಳೆದ ವರ್ಷ ನಮ್ಮನ್ನೂ ಕರೆದುಕೊಂಡು ಹೋದರು.

ತಾಳೆಗರಿಯ ಚಾವಣಿ, ಸಮುದ್ರಕ್ಕೇ ಸೇರಿದಂತೆ ಕಾಣುವ ಈಜುಕೊಳ, ಅದರಾಚೆ ಬೋಳು ಬಂಡೆ.

"ಮೊದ್ಲು ಇಲ್ಲಿ ಮೀನುಗಾರರ ಗುಡಿಸಲಿದ್ವು. ಯಾರೂ ಕೆಳಗೆ ಬೀಳ್ದಿರ್ಲಿ ಅಂತ ಬಂಡೆ ಅಂಚಿಗೆ ಹಗ್ಗ ಕಟ್ಟಿದ್ರು. ನಾನೇ ತೆಗೆಸಿದೆ."

"ಕಂಬಿನಾದ್ರೂ ಹಾಕಿಸ್ಬೇಕಿತ್ತಲ್ವಾ ಅಂಕಲ್?"

"ವ್ಯೂ ಕೆಡುತ್ತಮ್ಮ."

ಅಷ್ಟರಲ್ಲಿ ನನ್ನ ಆರು ವರ್ಷದ ಮಗಳು ಬಂಡೆಯ ಪಾಚಿಯ ಮೇಲೆ ಜಾರಿದಳು. ತೋಟದ ಕೆಲಸದವನೊಬ್ಬ ಹಾರಿ ಅವಳ ಫ್ರಾಕ್ ಹಿಡಿದ. ಅವಳ ಕಾಲೆರಡೂ ಅಂಚಿನಾಚೆ ಇದ್ದವು. ಇವತ್ತಿಗೂ ಕಣ್ಣು ಮುಚ್ಚಿದರೆ ಆ ಕಾಲುಗಳೇ ಕಾಣುತ್ತವೆ.

ಅಂಕಲ್ ಅಂದದ್ದಿಷ್ಟೇ: "ಮಕ್ಕಳ ಮೇಲೆ ಸ್ವಲ್ಪ ಕಣ್ಣಿಟ್ಟಿರ್ಬೇಕಮ್ಮ."

ಊರಿಗೆ ಮರಳಿದ ಮೇಲೆ, ಕಂಬಿ ಹಾಕಿಸಿ ಎಂದು ಹೇಳಲೇಬೇಕೆಂದು ಅವರ ಮನೆಗೆ ಹೋದೆ. ಲಿವಿಂಗ್ ರೂಮಿನ ಗೋಡೆಯ ಮೇಲೆ, ಗಾಜಿನ ಚೌಕಟ್ಟಿನೊಳಗೆ, ಹಳೆಯ ಹಗ್ಗವೊಂದಿತ್ತು.

"ಮೀನುಗಾರರ ಅದೇ ಹಗ್ಗ. ಹೇಗಿದೆ?" ಅಂದರು.

ನಾನು ಚೌಕಟ್ಟನ್ನು ಇಳಿಸಿ ಅವರ ಕೈಗೆ ಕೊಟ್ಟೆ. "ಇದನ್ನ ವಾಪಸ್ ಅಲ್ಲೇ ಕಟ್ಟಿಸಿ, ಅಂಕಲ್."

ಅವರು ಅದನ್ನು ಮತ್ತೆ ಮೊಳೆಗೆ ತೂಗುಹಾಕಿ, ಎರಡು ಹೆಜ್ಜೆ ಹಿಂದೆ ಸರಿದು, ಓರೆಯಾಗಿದೆಯೇ ಎಂದು ನೋಡಿದರು.