ಅರವತ್ತೇಳು ಕೆಜಿಯ ಚಿಕ್ಕಪ್ಪ

ಚಿಕ್ಕಪ್ಪ ಸೋತ ದಿನ ಏನು ನುಡಿಸಬೇಕೆಂದು ಬ್ಯಾಂಡ್‌ಸೆಟ್‌ನವರಿಗೆ ಯಾರೂ ಹೇಳಿರಲಿಲ್ಲ. ಗೆದ್ದರೆ ಯಾವ ಹಾಡು ಎಂಬುದು ಮಾತ್ರ ಮೊದಲೇ ಗೊತ್ತಾಗಿತ್ತು. ಅವರು ಸ್ವಲ್ಪ ಹೊತ್ತು ತಮ್ಮತಮ್ಮಲ್ಲೇ ಮಾತಾಡಿಕೊಂಡು, ಅದೇ ಗೆಲುವಿನ ಹಾಡನ್ನು ಬಹಳ ನಿಧಾನವಾಗಿ ನುಡಿಸಿದರು. ಶಿವಮೊಗ್ಗದ ಆ ಮೈದಾನದಿಂದ ನಮ್ಮ ಟೆಂಪೊ ನಿಂತಿದ್ದ ಜಾಗದವರೆಗೆ ನಾವೆಲ್ಲ ಆ ತಾಳಕ್ಕೇ ಹೆಜ್ಜೆ ಹಾಕಿದೆವು. ಬೇಗ ನಡೆದರೆ ಬ್ಯಾಂಡಿನವರು ಬೇಜಾರು ಮಾಡಿಕೊಂಡಾರು ಎಂದು ಎಲ್ಲರಿಗೂ ಅನ್ನಿಸಿರಬೇಕು.

ಇದು ತೊಂಬತ್ತರ ದಶಕದ ಕೊನೆಯ ಮಾತು. ಆಗ ನಾನು ಎಂ.ಎ. ಮೊದಲ ವರ್ಷದಲ್ಲಿದ್ದೆ. ಭದ್ರಾವತಿಯ ನ್ಯೂ ಟೌನ್‌ನಲ್ಲಿ ಅಪ್ಪನಿಗೆ ಕೊಟ್ಟಿದ್ದ ಕ್ವಾರ್ಟರ್ಸಿನಲ್ಲಿ ಅಪ್ಪ, ಅಮ್ಮ, ನಾನು ಮತ್ತು ಇನ್ನೂ ಮದುವೆಯಾಗದ ಚಿಕ್ಕಪ್ಪ ಇದ್ದೆವು. ಚಿಕ್ಕಪ್ಪ ಹಗಲು ಕಾರ್ಖಾನೆಯಲ್ಲಿ ಫಿಟ್ಟರ್, ಸಂಜೆ ಬಾಕ್ಸರ್. ಅವನಿಗೆ ಮೂವತ್ನಾಲ್ಕು ವರ್ಷ. ಅವನನ್ನು ಸೋಲಿಸಿದವನಿಗೆ ಇಪ್ಪತ್ತೊಂದು. ಎರಡನೇ ಸುತ್ತಿನಲ್ಲಿ ಚಿಕ್ಕಪ್ಪ ಮೂರು ಸಲ ಬಿದ್ದ. ಮೂರನೇ ಸಲ ಬಿದ್ದವನು ಮೇಲೇಳುವ ಬದಲು ಚಕ್ಕಳಮಕ್ಕಳ ಹಾಕಿಕೊಂಡು, ಎಲೆ ಹಾಕುವುದನ್ನು ಕಾಯುತ್ತಿರುವವನ ಹಾಗೆ ರಿಂಗಿನ ನಡುವೆ ಕೂತುಬಿಟ್ಟ. ರೆಫರಿ ಎರಡೂ ಕೈ ಬೀಸಿ ಆಟ ನಿಲ್ಲಿಸಿದರು.

ಚಿಕ್ಕಪ್ಪನಿಗೆ ಒಂದು ಅಭಿಮಾನಿಗಳ ಸಂಘವಿತ್ತು. ಒಟ್ಟು ಹದಿನಾಲ್ಕು ಮಂದಿ. ರೋಲಿಂಗ್ ಮಿಲ್‌ನಲ್ಲಿ ಫೋರ್‌ಮನ್ ಆಗಿ ನಿವೃತ್ತರಾದ ಹಿರಿಯರೊಬ್ಬರು ಅಧ್ಯಕ್ಷರು, ಎಲ್ಲರ ಬಾಯಲ್ಲಿ ‘ಯಜಮಾನ್ರು’. ಅವರು ಸೇವೆಯಿಡೀ ಯೂನಿಯನ್ ಕೆಲಸ ಮಾಡಿದವರಾದ್ದರಿಂದ ಸಂಘದಲ್ಲೂ ಎಲ್ಲವೂ ಯೂನಿಯನ್ ಕ್ರಮದಲ್ಲೇ ನಡೆಯುತ್ತಿತ್ತು: ನೋಟಿಸು, ಕೋರಂ, ಸೂಚಕರು, ಅನುಮೋದಕರು, ನಡಾವಳಿ ಪುಸ್ತಕ. “ಸಹಿ ಮಾಡಿದ್ಮೇಲೆ ಮಾತಿಲ್ಲ” ಎಂಬುದು ಅವರು ದಿನಕ್ಕೊಮ್ಮೆಯಾದರೂ ಆಡುತ್ತಿದ್ದ ಮಾತು. ನನ್ನ ಅಕ್ಷರ ಗುಂಡಗಿದೆ ಎಂಬ ಒಂದೇ ಕಾರಣಕ್ಕೆ ನಡಾವಳಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮಾತಾಡಬೇಕಾಗಿಲ್ಲ, ಬರೆದರೆ ಸಾಕು ಎಂದಿದ್ದರಿಂದ ನಾನೂ ಒಪ್ಪಿಕೊಂಡಿದ್ದೆ.

ಸಂಘದ ಮುಖ್ಯ ಕೆಲಸ ಚಿಕ್ಕಪ್ಪನ ತೂಕ ಕಾಯುವುದು. ಅವನು ಆಡುತ್ತಿದ್ದುದು ಅರವತ್ತೇಳು ಕೆಜಿ ವರ್ಗದಲ್ಲಿ. ತಿಂಗಳ ಎರಡು ಭಾನುವಾರ ಅವನನ್ನು ಶಿವಮೊಗ್ಗದ ಗಾಂಧಿ ಬಜಾರಿಗೆ ಕರೆದೊಯ್ದು, ಸಂಘದ ಸದಸ್ಯರೇ ಆಗಿದ್ದ ಅಕ್ಕಿ ಸಾಹುಕಾರರ ಅಂಗಡಿಯಲ್ಲಿ ಮೂಟೆ ತೂಗುವ ತಕ್ಕಡಿಯ ಮೇಲೆ ನಿಲ್ಲಿಸುತ್ತಿದ್ದರು. ಬಂದ ತೂಕವನ್ನು ಸಾಹುಕಾರರು ಸೀಮೆಸುಣ್ಣದಲ್ಲಿ ಅಂಗಡಿಯ ಕಂಬದ ಮೇಲೆ ಬರೆಯುತ್ತಿದ್ದರು. ಸೋನಾಮಸೂರಿಯ ದರ ಕೇಳಲು ಬಂದವರೂ ಕಂಬ ನೋಡಿ, “ಪೈಲ್ವಾನ್ರು ಅರ್ಧ ಕೆಜಿ ಜಾಸ್ತಿ ಆಗಿದಾರಲ್ರೀ” ಎಂದು ಚಿಂತೆ ಮಾಡುತ್ತಿದ್ದರು.

ಸೋಲಿನ ನಂತರ ಟೆಂಪೊ ಊರಿಂದ ಹೊರಟಿತು. ಚಿಕ್ಕಪ್ಪ ಡ್ರೈವರ್ ಪಕ್ಕ ದವಡೆಗೆ ಒದ್ದೆ ಟವೆಲ್ ಒತ್ತಿಕೊಂಡು ಕೂತಿದ್ದ. ಗೆಲುವಿಗೆಂದು ತಂದ ಸೇವಂತಿಗೆ ಹಾರವನ್ನು ಎಲ್ಲಿಡುವುದೆಂದು ತಿಳಿಯದೆ ಯಾರೋ ಅವನ ತೊಡೆಯ ಮೇಲೇ ಇಟ್ಟಿದ್ದರು.

ಮೊದಲು ಬಾಯಿ ಬಿಟ್ಟವರು ಕಾಗದನಗರದ ಮೇಷ್ಟ್ರು. ಶಾಲೆಯಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದ ಅವರಿಗೆ ಬಾಕ್ಸಿಂಗ್ ಎಂದರೆ ಪ್ರಾಣ.

“ದಕ್ಷಿಣಕ್ಕೆ ಮುಖ ಮಾಡಿ ಕೂರ್ಸಿದ್ರು ಕಣ್ರೀ. ಯಮನ ದಿಕ್ಕು. ಅಲ್ಲಿಂದ ಎದ್ದು ಹೋದವನು ಗೆಲ್ತಾನಾ? ಆ ಕಡೆಯವನು ಉತ್ತರಕ್ಕೆ ನೋಡ್ತಿದ್ದ. ಕುಬೇರನ್ನ ನೋಡ್ಕೊಂಡು ಎದ್ದ, ಹೊಡೆದ.”

“ದಿಕ್ಕು ಗಿಕ್ಕು ಬಿಡಿ ಸಾರ್,” ಎಂದರು ಕಾರ್ಖಾನೆಯ ಕ್ರೇನ್ ಡ್ರೈವರ್. “ಎರಡನೇ ಸಲ ಬಿದ್ದಾಗ ತಲೆ ನಮ್ ಕಡೇನೇ ಇತ್ತು. ‘ಎದ್ದೇಳಣ್ಣಾ’ ಅಂತ ಕೂಗ್ದೆ. ನನ್ ಮುಖ ನೋಡಿ ‘ಯಾಕೆ?’ ಅಂದ್ರು.”

“ಯಾಕೆ ಅಂದ್ರಾ?”

“ಹೂಂ. ನಾನೇನ್ ಹೇಳ್ಲಿ ಸಾರ್? ನಂಗೂ ಗೊತ್ತಾಗ್ಲಿಲ್ಲ.”

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. “ಇದು ಟೆಂಪೊದಲ್ಲಿ ಮಾತಾಡೋ ವಿಷಯ ಅಲ್ಲ. ಭಾನುವಾರ ತುರ್ತು ಸಭೆ. ಪೈಲ್ವಾನ್ರು ಮುಂದೆ ಆಡಬೇಕೋ, ನಿವೃತ್ತಿ ಆಗಬೇಕೋ. ಅದೇ ಮುಖ್ಯ ವಿಷಯ.”

ಚಿಕ್ಕಪ್ಪ ಹಿಂತಿರುಗಿ ನೋಡಲಿಲ್ಲ. ಹಾರದಿಂದ ಒಂದು ಹೂವು ಕಿತ್ತು ಮೂಸಿ ನೋಡಿದ. ಅದನ್ನು ತಿಂದುಬಿಡುತ್ತಾನೇನೋ ಎಂದು ನನಗೆ ಒಂದು ಕ್ಷಣ ಭಯವಾಯಿತು.

ಮನೆ ಬಾಗಿಲಲ್ಲಿ ಅಮ್ಮ ಎಲ್ಲರನ್ನೂ ಒಟ್ಟಿಗೆ ತರಾಟೆಗೆ ತೆಗೆದುಕೊಂಡಳು. “ಉಪವಾಸ ಕೆಡವಿ ಹೊಡೆಸ್ಕೊಳ್ಳಕ್ಕೆ ಕಳಿಸ್ತೀರ. ಇನ್ನೇನಾಗುತ್ತೆ?”

ಮಾರನೆಯ ಬೆಳಿಗ್ಗೆ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಚಿಕ್ಕಪ್ಪ ಗಂಜಿಯ ಲೋಟ ಹಿಡಿದು ಕೂತಿದ್ದ. ದವಡೆ ಊದಿ, ಮಾತು ಬಾಯಿಯ ಒಂದೇ ಬದಿಯಿಂದ ಬರುತ್ತಿತ್ತು.

“ಸಾಕು ಕಣೆ,” ಎಂದ.

“ಗಂಜಿಯಾ?”

“ಬಾಕ್ಸಿಂಗು. ಹೊಡೆತಕ್ಕಲ್ಲ, ಹಸಿವಿಗೆ. ಹನ್ನೊಂದು ವರ್ಷ ಆಯ್ತು ಮಾರಾಯ್ತಿ, ಒಂದು ಮಸಾಲೆ ದೋಸೆ ಪೂರ್ತಿ ತಿಂದು. ಯಾವ ಹೋಟ್ಲಿಗೆ ಹೋದ್ರೂ ಅರ್ಧ ತಿನ್ನೋ ಹೊತ್ತಿಗೆ ಒಬ್ಬ ಬಂದು ತಟ್ಟೆ ಎಳ್ಕೋತಾನೆ. ‘ತೂಕ ಸಾರ್, ತೂಕ’ ಅಂತಾನೆ. ನನ್ನ ದೋಸೆನ ನನ್ನೆದುರಿಗೇ ಅವನು ತಿಂತಾನೆ.”

ಗಂಜಿ ಒಂದು ಗುಟುಕು ಕುಡಿದು ಮುಂದುವರಿಸಿದ.

“ನಿನ್ನೆ ಮೂರನೇ ಸಲ ಬಿದ್ನಲ್ಲ, ಏಳಬೋದಿತ್ತು. ಎದ್ರೆ ಇನ್ನೂ ವರ್ಷಗಟ್ಟಲೆ ಸೊಪ್ಪಿನ ಸಾರು ಅಂತ ನೆನಪಾಯ್ತು. ಕೂತೆ.”

“ಇದನ್ನೇ ಅವರಿಗೆ ಹೇಳು ಚಿಕ್ಕಪ್ಪ.”

“ಎರಡು ವರ್ಷದ ಹಿಂದೆ ಹೇಳಿದ್ದೆ. ಯಜಮಾನ್ರು ಅತ್ತುಬಿಟ್ರು. ನಮ್ಮ ಮನೆಗೆ ಬಂದು ಕಾಫೀನೂ ಕುಡೀಲಿಲ್ಲ. ಕೊನೆಗೆ ನಾನೇ ಹೋಗಿ ‘ತಮಾಷೆ ಮಾಡ್ದೆ ಯಜಮಾನ್ರೇ’ ಅಂದ್ಬಂದೆ. ಇನ್ನೊಂದ್ಸಲ ನನ್ ಕೈಲಾಗಲ್ಲ.” ಲೋಟ ಕೆಳಗಿಟ್ಟ. “ಭಾನುವಾರ ನೀನು ಬರ್ಕೊಳ್ಳಕ್ಕೆ ಕೂರ್ತೀಯಲ್ಲ. ಏನಾದ್ರೂ ಮಾಡೆ.”

“ಏನು ನಡೆಯುತ್ತೋ ಅದನ್ನಷ್ಟೇ ನಾನು ಬರೆಯೋದು,” ಎಂದೆ. ಆಗ ಅದು ನಿಜವೇ ಆಗಿತ್ತು.

ಭಾನುವಾರ ಬೆಳಿಗ್ಗೆ ನಮ್ಮ ಹಾಲ್‌ನಲ್ಲಿ ಹದಿನಾಲ್ಕೂ ಮಂದಿ ಚಾಪೆ ಹಾಸಿ ಕೂತರು. ಯಾರ ವಿಷಯ ಚರ್ಚೆಯಾಗುತ್ತದೋ ಅವರು ಸಭೆಯಲ್ಲಿ ಇರಬಾರದು ಎಂಬ ನಿಯಮವಿದ್ದುದರಿಂದ ಚಿಕ್ಕಪ್ಪನನ್ನು ಅಡುಗೆಮನೆಗೆ ಕಳಿಸಲಾಯಿತು. ಅಲ್ಲಿ ಅಮ್ಮ ಅವನ ಕೈಗೆ ಬೇಯಿಸಿದ ಆಲೂಗೆಡ್ಡೆಯ ಸಿಪ್ಪೆ ತೆಗೆಯುವ ಕೆಲಸ ಕೊಟ್ಟಳು. ಸಭೆಗೆ ಬೋಂಡ ಎಂದು ತೀರ್ಮಾನವಾಗಿತ್ತು. ನಾನು ಬಾಗಿಲ ಹತ್ತಿರ ಕುರ್ಚಿಯ ಮೇಲೆ ಕೂತಿದ್ದೆ. ಎರಡೂ ಕಡೆ ಕಾಣುತ್ತಿತ್ತು.

ಅಧ್ಯಕ್ಷರು ಚಮಚದಿಂದ ಸ್ಟೀಲ್ ತಟ್ಟೆಗೆ ಬಡಿದರು. “ಮೊದಲನೇದಾಗಿ ಸಂತಾಪ. ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ.”

“ಯಾರು ಹೋದ್ರು?” ಎಂದರು ಕೊನೆಗೆ ಬಂದು ಕೂತಿದ್ದ ಸಾಹುಕಾರರು.

“ಗೆಲುವು,” ಎಂದರು ಮೇಷ್ಟ್ರು.

ಎಲ್ಲರೂ ಎದ್ದು ನಿಂತರು. ಹಾಲ್ ಒಮ್ಮೆಲೇ ನಿಶ್ಶಬ್ದವಾದದ್ದನ್ನು ಕಂಡು ಅಡುಗೆಮನೆಯಲ್ಲಿ ಚಿಕ್ಕಪ್ಪನೂ ಆಲೂಗೆಡ್ಡೆ ಕೈಯಲ್ಲೇ ಹಿಡಿದು ಎದ್ದು ತಲೆ ತಗ್ಗಿಸಿದ. ಆಮೇಲೆ ಸನ್ನೆಯಲ್ಲೇ ಯಾರೆಂದು ನನ್ನನ್ನು ಕೇಳಿದ. ನಾನು ಅವನ ಕಡೆಗೇ ಬೆರಳು ತೋರಿಸಿದೆ.

ಎರಡನೆಯ ವಿಷಯ, ಸೋಲಿಗೆ ಕಾರಣಗಳು. ನಾನು ಹನ್ನೊಂದು ಬರೆದುಕೊಂಡೆ. ದಕ್ಷಿಣ ದಿಕ್ಕು, ಎದುರಾಳಿ ಎಡಚನಾಗಿದ್ದದ್ದು, ಹೊಸ ಬೂಟು, ಹೊರಡುವಾಗ ಯಾರೋ ಸೀನಿದ್ದು, ಬ್ಯಾಂಡ್‌ಸೆಟ್‌ನವರು ಆಟಕ್ಕೆ ಮೊದಲೇ ಶ್ರುತಿ ನೋಡಿದ್ದು. ಬೂಟು ಕೊಡಿಸಿದ್ದ ಸಾಹುಕಾರರು ಆ ಕಾರಣವನ್ನು ಕಡತದಿಂದ ತೆಗೆಯಬೇಕೆಂದು ಪಟ್ಟು ಹಿಡಿದರು. ತೆಗೆದೆ. ಹತ್ತಾಯಿತು.

ಮೂರನೆಯದಕ್ಕೆ ಬಂದಾಗ ಗಲಾಟೆ ಶುರುವಾಯಿತು.

“ಮರ್ಯಾದೆಯಾಗಿ ನಿವೃತ್ತಿ ಕೊಡಿಸ್ರಿ,” ಎಂದರು ಸಾಹುಕಾರರು. “ಇನ್ನೊಂದು ಸಲ ಹಿಂಗೆ ಬಿದ್ರೆ ನಂ ಅಂಗಡಿ ಕಂಬ ನೋಡಿ ಗಿರಾಕಿಗಳು ನಗ್ತಾರೆ.”

“ನಿಮ್ಮ ಕಂಬಕ್ಕೋಸ್ಕರ ನಾವು ಬಾಕ್ಸಿಂಗ್ ಬಿಡ್ಬೇಕಾ?” ಎಂದರು ಅಧ್ಯಕ್ಷರು.

“ನಾವೆಲ್ಲಿ ಆಡಿದೀವಿ ಯಜಮಾನ್ರೇ? ಆಡಿದ್ದು ಅವರು.”

“ಹನ್ನೊಂದು ವರ್ಷ ಕೂಗಿದ್ದು ಯಾರು? ನನ್ನ ಗಂಟ್ಲು ನೋಡಿ!” ಅಧ್ಯಕ್ಷರು ನಿಜವಾಗಿಯೂ ಬಾಯಿ ತೆರೆದು ತೋರಿಸಿದರು. ಹತ್ತಿರ ಕೂತಿದ್ದ ಇಬ್ಬರು ಬಗ್ಗಿ ನೋಡಿದರು.

ಕೈ ಎತ್ತಿಸಿ ಎಣಿಸಿದಾಗ ಹದಿನಾಲ್ಕು ಮಂದಿಗೆ ಹದಿನೈದು ಮತ ಬಂದವು. ಕ್ರೇನ್ ಡ್ರೈವರ್ ಎರಡು ಸಲವೂ ಕೈ ಎತ್ತಿದ್ದರು. “ಒಂದು ಅಣ್ಣನ ಆರೋಗ್ಯಕ್ಕೆ ಸಾರ್, ಒಂದು ನಮ್ ಮರ್ಯಾದೆಗೆ,” ಎಂದರು. ಮತ್ತೆ ಎಣಿಸಿದಾಗ ಅವರು ಎರಡು ಸಲವೂ ಎತ್ತಲಿಲ್ಲ. ಹದಿಮೂರಾಯಿತು. ಅಷ್ಟರಲ್ಲಿ ಉಳಿದವರೂ ಮನಸ್ಸು ಬದಲಾಯಿಸಿದ್ದರು.

ಆಗ ಮೇಷ್ಟ್ರು ಕೈ ಎತ್ತಿದರು. “ಒಂದು ಮಧ್ಯದ ದಾರಿ ಇದೆ. ಅರವತ್ತೇಳರಲ್ಲಿ ಹುಡುಗರು ಜೋರಿದಾರೆ. ಕೆಳಗಿನ ವರ್ಗ ಅರವತ್ಮೂರೂವರೆ. ಪೈಲ್ವಾನ್ರು ಮೂರೂವರೆ ಕೆಜಿ ಇಳಿಸಿಬಿಟ್ರೆ ಇನ್ನೂ ಐದು ವರ್ಷ ಆರಾಮಾಗಿ ಆಡಬಹುದು.”

ಅಡುಗೆಮನೆಯಲ್ಲಿ ದೊಡ್ಡ ಪಾತ್ರೆಯೊಂದು ನೆಲಕ್ಕೆ ಬಿತ್ತು.

“ಬೆಕ್ಕು,” ಎಂದು ಅಮ್ಮ ಒಳಗಿನಿಂದ ಕೂಗಿದಳು. ನಮ್ಮ ಮನೆಯಲ್ಲಿ ಬೆಕ್ಕಿರಲಿಲ್ಲ.

ಸಭೆಗೆ ಮಾತ್ರ ಈ ಸಲಹೆ ತುಂಬ ಹಿಡಿಸಿತು. ಬೆಳಿಗ್ಗೆ ಬರೀ ಮಜ್ಜಿಗೆ ಸಾಕೆಂದು ಒಬ್ಬರು, ರಾತ್ರಿ ಅದೂ ಬೇಡವೆಂದು ಇನ್ನೊಬ್ಬರು. ನಾನು ಒಳಗೆ ನೋಡಿದೆ. ಚಿಕ್ಕಪ್ಪ ನೆಲದ ಮೇಲೆ ಬಿದ್ದ ಪಾತ್ರೆಯನ್ನು ಎತ್ತದೆ ಅದರ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಿದ್ದ. ರಿಂಗಿನಲ್ಲಿ ಕೂತಿದ್ದ ಹಾಗೆಯೇ.

ಮತ್ತೆ ಕೈ ಎತ್ತಿಸುವ ಮೊದಲು ಬೋಂಡ ಬಂತು. ಬಿಸಿ ಬೋಂಡ ಬಂದ ಮೇಲೆ ಯಾವ ಸಭೆಯೂ ಸಭೆಯಾಗಿ ಉಳಿಯುವುದಿಲ್ಲ. ಎಲ್ಲರೂ ಚಟ್ನಿಯ ಕಡೆ ತಿರುಗಿದರು. ಅಧ್ಯಕ್ಷರು ಬಾಯಿ ತುಂಬಿಕೊಂಡೇ, “ಬರ್ದು ಮುಗ್ಸಮ್ಮಾ, ಸಹಿ ಹಾಕ್ತೀವಿ,” ಎಂದರು.

ನಾನು ಬರೆದೆ: “ವಿಷಯ ಮೂರು. ನಮ್ಮ ಬಾಕ್ಸರ್ ಅವರು ಈ ದಿನದಿಂದ ಎಲ್ಲ ಸ್ಪರ್ಧೆಗಳಿಂದ ನಿವೃತ್ತರಾಗತಕ್ಕದ್ದೆಂದೂ, ಅವರ ಊಟ ತಿಂಡಿಯ ವಿಷಯದಲ್ಲಿ ಸದಸ್ಯರು ಕೈ ಹಾಕತಕ್ಕದ್ದಲ್ಲವೆಂದೂ ಸರ್ವಾನುಮತದಿಂದ ತೀರ್ಮಾನಿಸಲಾಯಿತು. ಸೂಚಕರು: ಅಧ್ಯಕ್ಷರು. ಅನುಮೋದಕರು: ಅಕ್ಕಿ ಸಾಹುಕಾರರು.”

ನಿಯಮದಂತೆ ಅದನ್ನು ಗಟ್ಟಿಯಾಗಿ ಓದಿದೆ. ನನ್ನ ಗಟ್ಟಿ ದನಿಯೂ ಸಣ್ಣದೇ. ಅದು ನನ್ನ ತಪ್ಪಲ್ಲ. ಹದಿನಾಲ್ಕು ಮಂದಿ ಒಂದು ಕೈಯಲ್ಲಿ ಬೋಂಡ ಹಿಡಿದು ಇನ್ನೊಂದು ಕೈಯಲ್ಲಿ ಸಹಿ ಹಾಕಿದರು. ಅಧ್ಯಕ್ಷರ ಸಹಿಯ ಮೇಲೆ ಎಣ್ಣೆಯ ಒಂದು ವೃತ್ತ ಬಿದ್ದಿತು. ಅದುವರೆಗೆ ನಾನು ಯಾವ ಪುಸ್ತಕದಲ್ಲೂ ನಡೆಯದ ಒಂದು ಸಂಗತಿಯನ್ನು ಬರೆದಿರಲಿಲ್ಲ. ಅಕ್ಷರ ಎಂದಿನಂತೆ ಗುಂಡಗೇ ಬಂದಿತ್ತು. ಅದೇ ನನಗೆ ಆಶ್ಚರ್ಯ.

ಸೋಮವಾರ ಸಂಜೆ ಅಧ್ಯಕ್ಷರು ನಡಾವಳಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಬಂದರು. ಕೂರಲಿಲ್ಲ.

“ಇದನ್ನ ನಾನೇ ಸೂಚಿಸಿದ್ನಾ ಅಮ್ಮಾ?”

“ನಿಮ್ಮ ಸಹಿ ಇದೆ,” ಎಂದೆ.

ಅವರು ಕನ್ನಡಕ ಏರಿಸಿ ಸಹಿಯನ್ನು ನೋಡಿದರು. ಎಣ್ಣೆಯ ವೃತ್ತವನ್ನು ಬೆರಳಿನಿಂದ ಮುಟ್ಟಿದರು. ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಒಳಗೆ ಕುಕ್ಕರ್ ಎರಡು ಸಲ ಕೂಗಿತು.

“ಸಹಿ ಮಾಡಿದ್ಮೇಲೆ ಮಾತಿಲ್ಲ,” ಎಂದರು ಕೊನೆಗೆ. ಆಮೇಲೆ ಇನ್ನೊಮ್ಮೆ ಓದಿಕೊಂಡು, “ಸರ್ವಾನುಮತ ಬೇರೆ! ಯೂನಿಯನ್‌ನಲ್ಲಿ ಇಷ್ಟು ವರ್ಷ ಇದ್ದು ಒಂದು ದಿನಾನೂ ಸರ್ವಾನುಮತ ಕಂಡಿರ್ಲಿಲ್ಲ ನಾನು. ಚೆನ್ನಾಗೇ ಸೂಚಿಸಿದೀನಿ,” ಎಂದರು.

ಕಣ್ಣೊರೆಸಿಕೊಂಡು ಅಡುಗೆಮನೆ ಬಾಗಿಲಿಗೆ ಹೋಗಿ, ಅಲ್ಲಿ ನಿಂತಿದ್ದ ಚಿಕ್ಕಪ್ಪನ ಹೆಗಲ ಮೇಲೆ ಕೈಯಿಟ್ಟರು. “ಪೈಲ್ವಾನ್ರೇ, ಮನಸ್ಸು ಗಟ್ಟಿ ಮಾಡ್ಕೊಳ್ಳಿ. ನಾವು ನಿಮ್ಮನ್ನ ನಿವೃತ್ತಿ ಮಾಡಿದೀವಿ. ನನ್ನದೇ ನಿರ್ಣಯ. ಶಾಪ ಹಾಕ್ಬೇಡಿ.”

ಚಿಕ್ಕಪ್ಪ ತಲೆ ತಗ್ಗಿಸಿದ. ಹನ್ನೊಂದು ವರ್ಷದಲ್ಲಿ ರಿಂಗಿನಲ್ಲೂ ಅವನು ಅಷ್ಟು ಚೆನ್ನಾಗಿ ತನ್ನನ್ನು ಕಾಪಾಡಿಕೊಂಡದ್ದನ್ನು ನಾನು ನೋಡಿರಲಿಲ್ಲ. ಮುಖದ ಒಂದು ಸ್ನಾಯುವೂ ಕದಲಲಿಲ್ಲ. “ನೀವು ಹೇಳಿದ್ಮೇಲೆ ಇನ್ನೇನಿದೆ ಯಜಮಾನ್ರೇ,” ಎಂದ.

ವಾರದೊಳಗೆ ನಿವೃತ್ತಿಯ ವಿಚಾರ ಮೊದಲು ಎತ್ತಿದ್ದು ತಾನೇ ಎಂದು ಏಳು ಮಂದಿ ಹೇಳಿಕೊಂಡರು. ಮೇಷ್ಟ್ರು ಅದಕ್ಕೆ ಒಳ್ಳೆಯ ನಕ್ಷತ್ರ ನೋಡಿದ್ದೂ ತಾವೇ ಎಂದರು.

ಮೂರು ವಾರ ಕಳೆದು ದವಡೆ ಇಳಿದ ಮೇಲೆ ಒಂದು ಭಾನುವಾರ, ಲೈಬ್ರರಿಗೆಂದು ನಾನು ಹತ್ತಿದ ಶಿವಮೊಗ್ಗದ ಬಸ್ಸಿನಲ್ಲೇ ಚಿಕ್ಕಪ್ಪನೂ ಸಂಘದವರೂ ಇದ್ದರು. ತೂಕಕ್ಕೆ ಹೋಗುವ ದಿನವಾದ್ದರಿಂದ, ಅಭ್ಯಾಸಬಲದಿಂದ, ಎಲ್ಲರೂ ಹೊರಟಿದ್ದರು. ನನ್ನನ್ನೂ ಎಳೆದುಕೊಂಡು ಗಾಂಧಿ ಬಜಾರಿನ ಹತ್ತಿರದ ಹೋಟೆಲಿಗೆ ಹೋದರು. ಚಿಕ್ಕಪ್ಪನೆದುರು ಮಸಾಲೆ ದೋಸೆ ಬಂತು. ಅವನು ಅದನ್ನು ಒಂದೇ ಬದಿಯ ಹಲ್ಲಿನಿಂದ ನಿಧಾನವಾಗಿ ಅಗಿಯತೊಡಗಿದ. ಸುತ್ತ ಕೂತವರ ಕೈಗಳು ಅರ್ಧ ದೋಸೆಯ ಹೊತ್ತಿಗೆ ತಾವಾಗಿಯೇ ತಟ್ಟೆಯ ಕಡೆ ಚಾಚಿಕೊಂಡವು. ಅಧ್ಯಕ್ಷರು ಕೆಮ್ಮಿದರು. ಕೈಗಳು ಹಿಂದೆ ಸರಿದವು. ಕೊನೆಯ ತುಂಡು ಬಾಯಿಗೆ ಹೋದಾಗ ಕ್ರೇನ್ ಡ್ರೈವರ್ ಚಪ್ಪಾಳೆ ತಟ್ಟಿದರು. ಪಕ್ಕದ ಟೇಬಲ್ಲಿನವರೂ ಏಕೆಂದು ತಿಳಿಯದೆ ತಟ್ಟಿದರು.

ಆಮೇಲೆ ಅಕ್ಕಿ ಅಂಗಡಿ. ಅರವತ್ತೆಂಟೂವರೆ. ಸಾಹುಕಾರರು ಸೀಮೆಸುಣ್ಣ ಹಿಡಿದು ಒಂದು ಕ್ಷಣ ತಡೆದರು, ಬರೆದರು.

“ತೂಕ ಇಷ್ಟೇನಾ?” ಎಂದರು ಅಧ್ಯಕ್ಷರು. ಅವರ ಕಣ್ಣಿಗೆ ಹಳೆಯ ಕಳೆ ಬಂದಿತ್ತು. “ದೀಪಾವಳಿ ಹೊತ್ತಿಗೆ ಎಪ್ಪತ್ತೈದು ಆಗ್ಲೇಬೇಕು. ಮನಸ್ಸು ಮಾಡಿದ್ರೆ ಪೈಲ್ವಾನ್ರಿಗೆ ಯಾವ ದೊಡ್ಡ ವಿಷಯ? ಬರ್ಕೋ ಅಮ್ಮಾ.”

ಊಟ ತಿಂಡಿಯ ವಿಷಯದಲ್ಲಿ ಕೈ ಹಾಕುವಂತಿಲ್ಲ, ನಡಾವಳಿಯಲ್ಲಿದೆ ಎಂದು ನಾನು ಮೆಲ್ಲಗೆ ನೆನಪಿಸಿದೆ.

“ಅದು ತಡೆಯೋಕೆ ಹೇಳಿದ್ದು. ತಿನ್ಸೋಕೆ ಯಾರಮ್ಮ ಅಡ್ಡಿ ಮಾಡಿದ್ದು? ನನ್ನ ನಿರ್ಣಯ ನಂಗೆ ಗೊತ್ತಿಲ್ವಾ?”

ಚಿಕ್ಕಪ್ಪ ಇನ್ನೂ ತಕ್ಕಡಿಯ ಮೇಲೇ ನಿಂತಿದ್ದ. ತುಟಿಯ ಅಂಚಿನ ಚಟ್ನಿಯನ್ನು ಹೆಬ್ಬೆರಳಿನಿಂದ ಒರೆಸಿಕೊಂಡು, ತುಂಬ ವಿನಯದಿಂದ ಕೇಳಿದ: “ಯಜಮಾನ್ರೇ, ಇನ್ನೊಂದು ತಿಂದ್ಬಂದ್ರೆ ಇವತ್ತೇ ಇನ್ನೊಂದ್ಸಲ ತೂಗ್ತೀರಾ?”