ಕಡಲೆ ಹೊಲದಲ್ಲಿ ಕಪ್ಪು ನಿಲುವಂಗಿ

ದುರ್ಗದ ಚಳಿಗೆ ಒಂದು ಸ್ವೆಟರ್ ಸಾಕು, ಅದು ನನಗೂ ಗೊತ್ತು. ಆದರೂ ಫೋನಿನಲ್ಲಿ ಆ ಕಪ್ಪು ಉಣ್ಣೆಯ ನಿಲುವಂಗಿ ಕಂಡದ್ದೇ ತಡ, ತರಿಸಿಕೊಂಡೆ. ತಲೆಗೆ ಚೂಪು ಟೋಪಿ, ಮೊಣಕಾಲಿಗಿಂತ ಕೆಳಗಿನವರೆಗೆ ಸುತ್ತು, ನಡೆದರೆ ಹಿಂದೆ ಹಾರುವ ಅಂಚು. ಪಾಠ ಹೇಳುವ ಕಾಲೇಜಿಗೆ ಹಾಕಿಕೊಂಡು ಹೋಗಲು ಧೈರ್ಯ ಬರಲಿಲ್ಲ. ಡಿಸೆಂಬರಿನಲ್ಲಿ ನಮ್ಮೂರು ಯಲ್ಲದಕೆರೆಗೆ, ಚಿಕ್ಕಪ್ಪನ ಮನೆಗೆ ಹೊರಟಾಗ ಬ್ಯಾಗಿಗೆ ತುರುಕಿಕೊಂಡೆ. ಮಂಜಿನಲ್ಲಿ ಫೋಟೊ ಚೆನ್ನಾಗಿ ಬರುತ್ತದಲ್ಲ!

ಬೆಳಗ್ಗೆ ಎದ್ದವಳೇ ಕೆಂಪು ಲಿಪ್‌ಸ್ಟಿಕ್ ಬಳಿದು, ಎತ್ತರದ ಬೂಟು ಹಾಕಿ, ನಿಲುವಂಗಿ ಹೊದ್ದು ಹೊಲದ ಕಡೆ ನಡೆದೆ. ಚಿಕ್ಕಪ್ಪ ಆಗಲೇ ಕುರಿ ಹೊಡೆದುಕೊಂಡು ಹೋಗಿದ್ದ. ಬದುವಿನ ಕಲ್ಲಿಗೆ ಫೋನು ಒರಗಿಸಿ, ಅಂಚು ಹಾರಲಿ ಎಂದು ಗಿರಗಿರ ತಿರುಗುತ್ತಿದ್ದೆ. ಮಂಜಿನೊಳಗಿಂದ ಕುರಿಗಳು ಬಂದವು. ಹಿಂದೆಯೇ ಚಿಕ್ಕಪ್ಪನ ದನಿ.

"ಲೇ, ಯಾರಲೇ ಅದು ಕೊಪ್ಪೆ ಹಾಕ್ಕೊಂಡು ನಿಂತಿರೋದು? ಕಡ್ಲೆ ಹೊಲಕ್ಕೆ ನುಗ್ತಾವೆ, ತಿರುಗ್ಸು!"

ಕಂಬಳಿಯನ್ನು ಮಡಚಿ ತಲೆಯಿಂದ ಇಳಿಬಿಡುವುದೇ ಕೊಪ್ಪೆ. ಮಂಜಿನಲ್ಲಿ ನಾನು ಅವನ ಕಣ್ಣಿಗೆ ಯಾರೋ ಕುರಿ ಕಾಯುವವನಾಗಿದ್ದೆ. ಕುರಿ ತಿರುಗಿಸುವ ಕೂಗು ಚಿಕ್ಕವಳಿದ್ದಾಗ ನನಗೆ ಸಲೀಸಾಗಿ ಬರುತ್ತಿತ್ತು. ಈಗ ಬಾಯಿಂದ ಬಂದದ್ದು ಕೋಳಿ ಓಡಿಸುವ "ಹುಶ್ ಹುಶ್". ಗಾಬರಿಯಲ್ಲಿ ಎರಡೂ ಕೈ ಬೀಸಿದೆ. ನಿಲುವಂಗಿ ಪಟಪಟ ಬಿಚ್ಚಿಕೊಂಡಿತು. ಮುಂದಿನ ಕುರಿ ಬೆದರಿ ಬದು ಹಾರಿತು, ಮಿಕ್ಕವೆಲ್ಲ ಅದರ ಹಿಂದೆ. ಹೂ ಬಿಟ್ಟ ಕಡಲೆಗೆ ಬಾಯಿ ಹಾಕಿದವು. ತಡೆಯಲು ಓಡಿದರೆ ಬೂಟು ಎರೆಮಣ್ಣಿನಲ್ಲಿ ಕಚ್ಚಿಕೊಂಡಿತು.

ಹೊಲದವನು ಪಕ್ಕದೂರಿನವನು. ಕೋಲು ಹಿಡಿದು ಬಂದವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಕುರಿ ಕಾಯಾಕೆ ಬಂದ್ಯೋ, ವೇಷ ಕಟ್ಟಾಕೆ ಬಂದ್ಯೋ?"

ಅಷ್ಟರಲ್ಲಿ ಚಿಕ್ಕಪ್ಪ ಓಡಿಬಂದ. ಕಂಬಳಿ ಇರಲಿಲ್ಲ, ಕಿತ್ತಳೆ ಬಣ್ಣದ ನೈಲಾನ್ ಜರ್ಕಿನ್, ಮಂಕಿ ಕ್ಯಾಪು. ಒಂದೇ ಕೂಗಿಗೆ ಕುರಿಗಳನ್ನು ಹೊರಗೆ ಹಾಕಿದ. ನನ್ನ ಮುಖ ನೋಡಿ ಗುರುತು ಹಿಡಿದ, ಮರುಕ್ಷಣ ಹೊಲದವನ ಎದುರು ಹೋಗಿ ನಿಂತ.

"ಬೈಯೋದಾದ್ರೆ ನನಗೆ ಬೈಯ್ರಿ, ಕುರಿ ನಂದು. ಆಯಮ್ಮ ಯಾರೋ ಪೇಟೆಯೋರು, ಪಾಪ. ನಮ್ಮೋಳಲ್ಲ."

ನಾನು ಇವರಣ್ಣನ ಮಗಳು ಎನ್ನಬೇಕಿತ್ತು. ಬಗ್ಗಿ ಬೂಟು ಕೀಳತೊಡಗಿದೆ. ಹಾಗೆಂದರೆ ಚಿಕ್ಕಪ್ಪನಿಗೆ ಇನ್ನಷ್ಟು ಅವಮಾನವೋ ಏನೋ, ಅದೂ ತಿಳಿಯಲಿಲ್ಲ. ಹೊಲದವನು ಚಿಕ್ಕಪ್ಪನಿಗೆ ಮನಸಾರೆ ಬೈದ. ಆಮೇಲೆ ನನ್ನ ಕಡೆ ತಿರುಗಿ ಮೆತ್ತಗಾದ. "ಅಲ್ಲಿ ಕೆಸರೈತೆ ಮೇಡಂ, ಬದುವಿನ ಮ್ಯಾಲೆ ಬರ್ರಿ." ಆ 'ಬರ್ರಿ'ಗೆ ನಾಚಿಕೆಯಿಂದ ಕಿವಿ ಕಾದವು.

ಹೊಲದವನು ಅತ್ತ ತಿರುಗಿದ ಮೇಲೆ ಫೋನೆತ್ತಿಕೊಂಡು ಚಿಕ್ಕಪ್ಪನ ಪಕ್ಕ ಹೋದೆ. ಅವನು ನಿಲುವಂಗಿಯ ಅಂಚನ್ನು ಬೆರಳಲ್ಲಿ ಹೊಸೆದು ನೋಡಿದ. "ಬೆಚ್ಚಗೈತೇನವ್ವ?"

"ಐತೆ," ಎಂದೆ.

"ಹಂಗಾರೆ ನೀನು ಮುಂದೆ ನಡಿ. ಜತೆಗೆ ಹೋದ್ರೆ ಆ ಮನುಷ್ಯಂಗೆ ಗೊತ್ತಾಗ್ತೈತೆ."

ಹಿಂದೆ ಕುರಿಗಳ ಸದ್ದು, ಅವನ ಕೂಗು. ನಮ್ಮೂರಿನ ದಾರಿಯಲ್ಲಿ, ತಿರುಗಿ ನೋಡದೆ, ಯಾರೋ ಪೇಟೆಯವಳ ಹಾಗೆ ಮನೆಯವರೆಗೂ ನಡೆದೆ.