ತಪ್ಪಲೆ ಕೇಳಲು ಬಂದವರು

ನನ್ನ ಅಮ್ಮನಷ್ಟು ಎರವಲು ಕೇಳಿದ ಹೆಂಗಸನ್ನು ನಾನು ಕಂಡಿಲ್ಲ. ನಮ್ಮ ಅಡುಗೆಮನೆಯಲ್ಲಿ ಪಾತ್ರೆಗಳಿಗೇನೂ ಕೊರತೆ ಇರಲಿಲ್ಲ. ಆದರೂ ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಬೆಳಿಗ್ಗೆ ಇಗರ್ಜಿಗೆ ಉಟ್ಟ ಸೀರೆಯಲ್ಲೇ ಹೊರಟು, ಯಾರದಾದರೂ ಬಾಗಿಲಲ್ಲಿ ನಿಂತು, "ಒಂದು ತಪ್ಪಲೆ ಸಿಗಬಹುದಾ? ನಾಳೆಯೇ ತಂದು ಕೊಡ್ತೇನೆ" ಎಂದು ಕೇಳುತ್ತಿದ್ದಳು.

ಕೊಡಗು ಇನ್ನೂ ತನ್ನದೇ ಒಂದು ರಾಜ್ಯವಾಗಿದ್ದ ಕಾಲ ಅದು. ನಮ್ಮ ಇಗರ್ಜಿಯಲ್ಲಿ ಹೆಂಗಸರ ಒಂದು ಸಣ್ಣ ಕೂಟವಿತ್ತು. ಊರಿನಲ್ಲಿ ಯಾರ ಕೈ ಬರಿದಾಗಿದೆ, ಯಾರ ಮನೆಯ ಗಂಡಸು ಹಾಸಿಗೆ ಹಿಡಿದಿದ್ದಾನೆ ಎಂದು ನೋಡಿ, ಜಾತಿ ಕೇಳದೆ, ಆ ಮನೆಗೆ ದಿನಸಿ ಮುಟ್ಟಿಸುವುದು ಅವರ ಕೆಲಸ. ಆದರೆ ಮರ್ಯಾದಸ್ಥರ ಮನೆಗೆ ಅಕ್ಕಿ ಹೊತ್ತುಕೊಂಡು ಹೋದರೆ ಅವರು ಬಾಗಿಲು ತೆರೆದಾರೆಯೇ? ಅದಕ್ಕೆ ಈ ಹೆಂಗಸರು ಕಂಡುಕೊಂಡ ಉಪಾಯ ತಪ್ಪಲೆ. ಎರವಲು ತಂದ ಪಾತ್ರೆಯನ್ನು ನಮ್ಮ ಕಡೆ ಯಾರೂ ಬರಿದಾಗಿ ಹಿಂದಿರುಗಿಸುವುದಿಲ್ಲ. ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ಇವರು ಆ ತಪ್ಪಲೆಯಲ್ಲಿ ಅಕ್ಕಿ ತುಂಬಿ, ಮೇಲೆ ಬೇಳೆ, ಬೆಲ್ಲ, ಒಂದು ತುಂಡು ಸಾಬೂನು ಇಟ್ಟು, ಬಟ್ಟೆ ಮುಚ್ಚಿ ಕೊಟ್ಟು ಬರುತ್ತಿದ್ದರು. "ನಿಮ್ಮಿಂದ ದೊಡ್ಡ ಉಪಕಾರವಾಯಿತು" ಎಂದು ಹೇಳುತ್ತಿದ್ದವರೂ ಇವರೇ.

ಒಬ್ಬರೇ ಹೋಗಕೂಡದು, ಇಬ್ಬರು ಹೋಗಬೇಕು ಎಂಬುದು ಕೂಟದ ಕಟ್ಟಳೆ. ಒಬ್ಬಳೇ ಕೊಟ್ಟುಬಂದರೆ ಅವಳಿಗೆ ದೊಡ್ಡಸ್ತಿಕೆ ಬಂದೀತು ಎಂದು ಪಾದ್ರಿಗಳ ಹೆದರಿಕೆ. ಅಮ್ಮನಿಗೆ ಜೊತೆಯಾದವಳು ಬಸ್ಸು ನಿಲ್ಲುವಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಮಲಯಾಳಿ ಹೆಂಗಸು. ಅಮ್ಮ ಅವಳನ್ನು ಅವರ ಭಾಷೆಯಲ್ಲೇ ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದಳು. ಕೊಂಕಣಿಯವಳಾದ ಅಮ್ಮನನ್ನು ಅವಳು ನಮ್ಮವರ ಹಾಗೆ ಗೌರವಕ್ಕೆ ಬಾಯಿ ಎನ್ನುತ್ತಿದ್ದಳು. ಅಮ್ಮ ಉದ್ದ, ಅವಸರದ ನಡಿಗೆಯವಳು. ಚೇಚಿ ಗಿಡ್ಡ, ಎಲ್ಲದಕ್ಕೂ ನಿಂತು ನೋಡುವವಳು. ದಾರಿಯುದ್ದಕ್ಕೂ ಜಗಳ. ಆ ಇಬ್ಬರು ಒಂದೇ ಕೊಡೆಯಡಿ ಜಗಳವಾಡುತ್ತ ಬರುವುದನ್ನು ಇನ್ನೊಮ್ಮೆ ನೋಡಬೇಕೆಂದು ಈ ವಯಸ್ಸಿನಲ್ಲೂ ನನಗೆ ಆಸೆಯಾಗುತ್ತದೆ.

ಗುಟ್ಟು ಬಹಳ ದಿನ ಉಳಿಯಲಿಲ್ಲ. ಒಮ್ಮೆ ಇಗರ್ಜಿಯ ಹಬ್ಬದ ಊಟಕ್ಕೆ ನಿಜವಾಗಿಯೂ ದೊಡ್ಡ ಪಾತ್ರೆ ಬೇಕಾಗಿ, ಇಬ್ಬರೂ ಕರಿಮೆಣಸಿನ ವ್ಯಾಪಾರಿಯೊಬ್ಬರ ಮನೆಗೆ ಹೋದರು. ಆ ಮನೆಯಾಕೆ ಕೆಂಡಾಮಂಡಲವಾಗಿ, "ನಮ್ಮ ಮನೇಲಿ ಏನು ಕಮ್ಮಿ ಆಗಿದೆ ಅಂತ ಬಂದ್ರಿ?" ಎಂದು ಬಾಗಿಲು ಹಾಕಿಕೊಂಡಳಂತೆ. ಅದನ್ನು ಹೇಳಿ ಹೇಳಿ ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ಅಂದರೆ ಊರಿಗೆಲ್ಲ ಗೊತ್ತಾಗಿತ್ತು, ಈ ಇಬ್ಬರು ತಪ್ಪಲೆ ಕೇಳಿದರೆ ಅದರ ಅರ್ಥವೇನೆಂದು.

ನಾನು ಹೈಸ್ಕೂಲು ಮುಗಿಸುವ ಹೊತ್ತಿಗೆ ಅಪ್ಪ ಲೆಕ್ಕ ಬರೆಯುವ ರೈಟರ್ ಆಗಿದ್ದ ಎಸ್ಟೇಟು ಕೈ ಬದಲಾಯಿತು. ಹೊಸ ಮಾಲೀಕರು ತಮ್ಮದೇ ರೈಟರನ್ನು ಕರೆತಂದರು. ನಾವು ಎಸ್ಟೇಟಿನ ಮನೆ ಬಿಟ್ಟು ಪೊನ್ನಂಪೇಟೆ ರಸ್ತೆಯ ಬಾಡಿಗೆ ಮನೆಗೆ ಬಂದೆವು. ಅಪ್ಪ ಕೆಲಸ ಹುಡುಕಿಕೊಂಡು ಕುಟ್ಟದ ಕಡೆಗೆ ಹೋದವರು ವಾರಗಟ್ಟಲೆ ಬರುತ್ತಿರಲಿಲ್ಲ. ನಾವು ಐದು ಜನ ಮಕ್ಕಳು, ನಾನೇ ದೊಡ್ಡವಳು. ಅನ್ನ ಹೋಗಿ ಗಂಜಿಯಾಯಿತು, ಗಂಜಿ ನೀರಾಯಿತು. ಅಮ್ಮ ತಲೆನೋವೆಂದು ಹೇಳಿ ಕೂಟಕ್ಕೆ ಹೋಗುವುದನ್ನು ಬಿಟ್ಟಳು. ಭಾನುವಾರ ಊಟದ ಹೊತ್ತಿಗೆ ಬರಿ ಪಾತ್ರೆಯ ಕೆಳಗೆ ಬೆಂಕಿ ಉರಿಸಿ ಮಾಡಿನಿಂದ ಹೊಗೆ ಏಳುವಂತೆ ಮಾಡುತ್ತಿದ್ದಳು. ನೆರೆಯವರ ಕಣ್ಣಿಗೆ ನಮ್ಮ ಮನೆಯಲ್ಲೂ ಒಲೆ ಉರಿಯಬೇಕಿತ್ತು.

ಅಂಥ ಒಂದು ಭಾನುವಾರ ಚೇಚಿ ಬಂದಳು. ಜಗಲಿಯಲ್ಲಿ ನಿಂತು, ಕೊಡೆ ಮಡಚಿ, "ಬಾಯೀ, ಒಂದು ತಪ್ಪಲೆ ಬೇಕಿತ್ತು" ಎಂದಳು.

ಅಮ್ಮನ ಮುಖ ಕಪ್ಪಿಟ್ಟಿತು. "ತಪ್ಪಲೆ ಇಲ್ಲ" ಎಂದಳು.

"ಸಣ್ಣದೂ ಇಲ್ವಾ?"

"ಯಾವುದೂ ಇಲ್ಲ. ನೀವು ಹೋಗಿ ಚೇಚಿ."

ಒಳಗೆ ನನ್ನ ತಮ್ಮಂದಿರು ಉಸಿರು ಬಿಗಿಹಿಡಿದು ಕೂತಿದ್ದರು. ಅಮ್ಮ ಇಲ್ಲ ಎಂದರೆ ಆ ರಾತ್ರಿ ನಮಗೆ ಏನೂ ಇರಲಿಲ್ಲ. ಅಮ್ಮನಿಗೂ ಅದು ಗೊತ್ತಿತ್ತು. ಗೊತ್ತಿದ್ದೂ ಬಾಯಿಂದ ಹೂಂ ಎಂಬ ಮಾತು ಬರಲಿಲ್ಲ. ನನಗೆ ಅವಳ ಮೇಲೆ ಎಂಥ ಸಿಟ್ಟು ಬಂತೆಂದರೆ, ನಾನೇ ತಪ್ಪಲೆ ಎತ್ತಿಕೊಂಡು ಓಡೋಣವೆನ್ನಿಸಿತು.

ಚೇಚಿ ಹೋಗಲಿಲ್ಲ. ಜಗಲಿಯ ಅಂಚಿನಲ್ಲಿ ಕೂತುಬಿಟ್ಟಳು. ಕೊಡೆಯನ್ನು ಪಕ್ಕಕ್ಕಿಟ್ಟು, "ತಪ್ಪು ನಂದೇ. ಒಬ್ಳೇ ಬರಬಾರ್ದಿತ್ತು" ಎಂದಳು. "ಇಬ್ಬರು ಹೋಗ್ಬೇಕು ಅಂತ ಅಲ್ವಾ ಕಟ್ಟಳೆ? ನನ್ನ ಜೊತೆಯವಳು ನೀನೇ. ನೀನು ಬರದೆ ನಾನು ಯಾರ ಕೂಡ ಹೋಗ್ಲಿ? ಏಳು ಬಾಯಿ, ಸೀರೆ ಸರಿ ಮಾಡ್ಕೋ. ಒಂದು ಮನೆಗೆ ಹೋಗ್ಲಿಕ್ಕುಂಟು."

"ಯಾವ ಮನೆಗೆ?"

"ಇದೇ ಮನೆಗೆ."

ಅಮ್ಮ ಅವಳನ್ನೇ ನೋಡಿದಳು. ಅಳುತ್ತಾಳೋ ಬೈಯುತ್ತಾಳೋ ನನಗೆ ತಿಳಿಯಲಿಲ್ಲ. ಆಮೇಲೆ ಒಳಗೆ ಹೋಗಿ, ಮುಖ ತೊಳೆದು, ಇಗರ್ಜಿಯ ಸೀರೆ ಉಟ್ಟು ಬಂದಳು. ಇಬ್ಬರೂ ಅಂಗಳ ದಾಟಿ ರಸ್ತೆಗೆ ಹೋದರು. ಅಲ್ಲಿಂದ ತಿರುಗಿ, ಯಾವತ್ತೂ ನಡೆಯುವ ಹಾಗೆ, ಅಮ್ಮ ಮುಂದೆ, ಚೇಚಿ ಹಿಂದೆ, ನಮ್ಮ ಮನೆಗೆ ನಡೆದು ಬಂದರು.

ಬಾಗಿಲಲ್ಲಿ ನಿಂತಿದ್ದ ನನ್ನ ಮುಖವನ್ನು ಅಮ್ಮ ನೋಡಲಿಲ್ಲ. "ಒಂದು ಚೆಂಬು ಸಿಗಬಹುದಾ ಮಗಾ?" ಎಂದಳು.

ಚೇಚಿ ಅವಳನ್ನು ತಿವಿದಳು. "ಮಕ್ಕಳಿರೋ ಮನೇಲಿ ಚೆಂಬು ಕೇಳ್ಬೇಡಿ ಅಂತ ನಂಗೆ ಪಾಠ ಹೇಳ್ಕೊಟ್ಟದ್ದು ಯಾರು? ಸರಿಯಾಗಿ ಕೇಳು."

ಅಮ್ಮ ಸೆರಗು ಸರಿಮಾಡಿಕೊಂಡಳು. "ದೊಡ್ಡ ತಪ್ಪಲೆ" ಎಂದಳು. "ನಾಳೆಯೇ ತಂದು ಕೊಡ್ತೇನೆ."

ಒಲೆಯ ಮೇಲೆ ಬರಿದೇ ಕಾಯುತ್ತಿದ್ದದ್ದು ಅದೇ ದೊಡ್ಡ ತಪ್ಪಲೆ. ಬಟ್ಟೆಯಲ್ಲಿ ಹಿಡಿದು ತಂದುಕೊಟ್ಟೆ. ಚೇಚಿ ಅದರ ಬಿಸಿ ಮುಟ್ಟಿ ನೋಡಿದಳು, ಒಳಗೆ ಇಣುಕಿದಳು. "ನಾಳೆ ಬೇಡ ಬಾಯಿ, ಈಗಲೇ ಹೋಗಿ ಬರುವ" ಎಂದಷ್ಟೇ ಅಂದಳು.

ಅವರು ಹೊರಟ ಮೇಲೆ ನಾನು ಬೇಲಿಯ ಬಳಿ ಹೋಗಿ ನಿಂತೆ. ಮಾತು ಕೇಳಿಸುವಷ್ಟು ಹತ್ತಿರದಲ್ಲಿ, ತಿರುವಿನ ಹಲಸಿನ ಮರದ ಕೆಳಗೆ ಇಬ್ಬರೂ ನಿಂತಿದ್ದರು. ಪ್ರತಿ ಮನೆಯಿಂದ ಹೊರಬಂದ ಮೇಲೂ ಅವರು ಹೀಗೆ ನಿಂತು ಆ ಮನೆಗಾಗಿ ಪ್ರಾರ್ಥಿಸುತ್ತಾರೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಜಪವನ್ನು ಅಮ್ಮ ಕೊಂಕಣಿಯಲ್ಲಿ, ಚೇಚಿ ಮಲಯಾಳದಲ್ಲಿ ಹೇಳಿದರು. ಬೇಡಿಕೆ ಮಾತ್ರ ಇಬ್ಬರಿಗೂ ತಿಳಿಯುವಂತೆ ಕನ್ನಡದಲ್ಲಿ.

"ಈ ಮನೆಯ ಮಕ್ಕಳು ಹಸಿದು ಮಲಗುವ ಹಾಗೆ ಮಾಡಬೇಡ ದೇವರೇ" ಎಂದಳು ಅಮ್ಮ, ನಾವು ಯಾರದೋ ಮಕ್ಕಳೆಂಬಂತೆ.

"ಈ ಮನೆಯ ಅಮ್ಮನಿಗೆ ಧೈರ್ಯ ಕೊಡು" ಎಂದಳು ಚೇಚಿ. "ಅವಳಿಗೆ ತನಗೋಸ್ಕರ ಕೇಳ್ಲಿಕ್ಕೆ ಬರೋದಿಲ್ಲ."

ಅದಕ್ಕೆ ಆಮೆನ್ ಎನ್ನಬೇಕಾದವಳು ಅಮ್ಮ. ಚೇಚಿ ಕಾದಳು, ಬೇಲಿಯ ಈಚೆ ನಾನೂ ಕಾದೆ. ಕೊನೆಗೆ ಅಮ್ಮ ಬಟ್ಟೆ ಸುತ್ತಿದ ತಪ್ಪಲೆಯನ್ನು ಎದೆಗೆ ಅವುಚಿಕೊಂಡು, ಒಡೆದ ದನಿಯಲ್ಲಿ, ಆಮೆನ್ ಎಂದಳು. ಆ ಒಂದು ದನಿ ಇನ್ನೊಮ್ಮೆ ಕೇಳಲು ಸಿಗುವುದಾದರೆ ನಾನು ಯಾರ ಬಾಗಿಲಲ್ಲಿ ಬೇಕಾದರೂ ನಿಂತು ಬೇಡಿಯೇನು.